ತೋಳಕ್ಕಂಜದವರು ಬೇಲಿಗಂಜಿದರು

ಶ್ರಾವಣದ ಬೆಳಗು. ಬಾದಾಮಿಯ ಗುಡ್ಡದ ಮೇಲೆ ಮಳೆ ಬರುತ್ತಿದೆ ಎನ್ನುವಂತಿಲ್ಲ, ನಿಂತಿದೆ ಎನ್ನುವಂತೆಯೂ ಇಲ್ಲ. ಗಾಳಿಗೆ ಅಡ್ಡಡ್ಡ ಹಾರುವ ತುಂತುರು. ಕೆಳಗೆ ಅಗಸ್ತ್ಯ ತೀರ್ಥ, ಭೂತನಾಥನ ಗುಡಿ, ಊರಿನ ಮಾಳಿಗೆ ಮನೆಗಳು, ಎಲ್ಲ ಮಸುಕು ಮಸುಕು. ಪ್ರವಾಸಿಗರು ಮೇಣಬಸದಿಯ ಗುಹೆಗಳ ಮೆಟ್ಟಿಲು ಹತ್ತಿ, ಫೋಟೊ ತೆಗೆಸಿಕೊಂಡು, ಮಂಗಗಳಿಗೆ ಅಂಜಿ ಕೈಚೀಲ ಎದೆಗವಚಿಕೊಂಡು ಇಳಿದುಬಿಡುತ್ತಾರೆ. ಅವರ ದಾರಿ ಮುಗಿಯುವಲ್ಲಿ ಇನ್ನೊಂದು ದಾರಿ ಶುರುವಾಗುತ್ತದೆ. ಸಿಡಿಲಪಡಿಯ ಕಡೆಗೆ ಹೋಗುವ ಕಾಲುದಾರಿ ಅದು. ಚಪ್ಪಡಿ ಬಂಡೆ, ಬಂಡೆಯ ಸಂದಿಯಲ್ಲಿ ಹುಲ್ಲು, ಕವಳಿ ಕಂಟಿ, ಕಳ್ಳಿ, ಸೀತಾಫಲದ ಗಿಡ. ಆ ಹಸಿರಿನ ನಡುವೆ ಮೊನಚು ತಲೆಯ ಕಪ್ಪು ಆಕಾರವೊಂದು ಅಲುಗಾಡುತ್ತದೆ. ಹತ್ತಿರ ಬಂದಾಗ ಮನುಷ್ಯ. ತಲೆಯ ಮೇಲೆ ಕಂಬಳಿಯ ಕೊಪ್ಪಿ, ಹೆಗಲಿಗೆ ಉದ್ದ ಕಾವಿನ ಕೊಡಲಿ, ಕೊರಳಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಟ್ಟಿದ ಮೊಬೈಲ್. ಅವನ ಹಿಂದೆ, ಮುಂದೆ, ಬಂಡೆಯ ಮೇಲೆ, ಬಂಡೆಯ ಕೆಳಗೆ, ಎತ್ತ ನೋಡಿದರೂ ಕುರಿ.

ಇಂಥ ಮನುಷ್ಯ ಅಮೆರಿಕದಲ್ಲಿ ಹುಟ್ಟಿದ್ದರೆ ಅವನ ಮೇಲೆ ಸಿನಿಮಾ ಬರುತ್ತಿತ್ತು. ಬಂದೂ ಇದೆ. 2015ರಲ್ಲಿ ತೆರೆಕಂಡ ‘ದಿ ರೆವೆನಂಟ್’ ಚಿತ್ರದ ನಾಯಕ ಹ್ಯೂ ಗ್ಲಾಸ್ ಇಂಥದೇ ಬೆಟ್ಟದ ಮನುಷ್ಯ. 1823ರಲ್ಲಿ ಕರಡಿ ಅವನನ್ನು ಸೀಳಿ ಹಾಕಿತು. ಇವನು ಉಳಿಯುವವನಲ್ಲ ಎಂದುಕೊಂಡ ಕಾವಲಿನ ಇಬ್ಬರು ಸಂಗಡಿಗರು ಬಂದೂಕನ್ನೂ ಎತ್ತಿಕೊಂಡು ಹೋದರು. ಗ್ಲಾಸ್ ತೆವಳುತ್ತ, ಕುಂಟುತ್ತ ಸುಮಾರು 300 ಕಿಲೊಮೀಟರ್ ದೂರದ ಕೋಟೆ ಮುಟ್ಟಿದ. ಇಂಥವರು ಬೆಟ್ಟಕ್ಕೆ ಹೋದ ಬಗೆ ಹೀಗೆ. ಅಂದಿನ ಸೇಂಟ್ ಲೂಯಿಸ್ ಪಟ್ಟಣದಲ್ಲಿ ವಿಲಿಯಂ ಆಶ್ಲಿ ಎಂಬ ವ್ಯಾಪಾರಿ 1822ರಲ್ಲಿ ಪತ್ರಿಕೆಗೆ ಜಾಹೀರಾತು ಕೊಟ್ಟು ನೂರು ಮಂದಿ ಧೈರ್ಯಸ್ಥ ಹುಡುಗರನ್ನು ಕರೆದಿದ್ದ. ಕೆಲಸ ಇಷ್ಟೇ: ಮಿಸೌರಿ ನದಿಗುಂಟ ಮೇಲೇರಿ, ರಾಕಿ ಬೆಟ್ಟ ಹೊಕ್ಕು, ಬೀವರ್ ಎಂಬ ನೀರಪ್ರಾಣಿಯ ಚರ್ಮ ತರುವುದು. ಆ ತುಪ್ಪಳದಿಂದ ಯುರೋಪಿನ ಸಾಹುಕಾರರ ಟೋಪಿ ಆಗುತ್ತಿತ್ತು. ಹೀಗೆ ಹೋದವರನ್ನೇ ಅಲ್ಲಿ ಮೌಂಟನ್ ಮೆನ್ ಎನ್ನುವುದು. ವರ್ಷಕ್ಕೊಮ್ಮೆ ಬೆಟ್ಟದ ನಡುವೆ ಅವರ ಜಾತ್ರೆಯೂ ಕೂಡುತ್ತಿತ್ತು. ತುಪ್ಪಳ ಕೊಟ್ಟು ಮದ್ದು, ಗುಂಡು, ಸೆರೆ ಕೊಳ್ಳುವ ಸಂತೆ. 1825ರಲ್ಲಿ ಶುರುವಾದ ಆ ಸಂತೆ 1840ಕ್ಕೆ ಕಡೆಯ ಬಾರಿ ಕೂಡಿತು. ಬೀವರ್ ತೀರುತ್ತ ಬಂದಿತ್ತು, ಟೋಪಿಯ ಷೋಕಿ ರೇಷ್ಮೆಗೆ ತಿರುಗಿತ್ತು. ಹದಿನೈದೇ ವರ್ಷಕ್ಕೆ ಮುಗಿದ ಬದುಕು. ಅದರ ಕತೆ ಮಾತ್ರ ಇನ್ನೂರು ವರ್ಷದಿಂದ ನಡೆದಿದೆ.

ಗ್ಲಾಸ್‌ನ ಕತೆ ನನಗೂ ಇಷ್ಟ. ಆದರೆ ಅದರ ‘ಒಂಟಿ ವೀರ’ ಎಂಬ ಮಾತಿನ ಮೇಲೆ ನಂಬಿಕೆ ಇಲ್ಲ. ಆ ಬೆಟ್ಟಗಳಲ್ಲಿ ಅರಿಕಾರಾ, ಶೋಶೋನಿ ಮುಂತಾದ ಮೂಲ ಜನ ಎಂದಿನಿಂದಲೋ ಇದ್ದರು. ಬಿಳಿಯರಲ್ಲಿ ಎಷ್ಟೋ ಮಂದಿ ಅವರಲ್ಲೇ ಹೆಣ್ಣು ತಂದು, ಅವರ ದಾರಿ, ಅವರ ತೊಗಲು ಬಟ್ಟೆ ಕಲಿತೇ ಉಳಿದರು. ಒಬ್ಬನೇ ಬೆಟ್ಟದಲ್ಲಿ ಬದುಕುವುದು ಎಲ್ಲಿಯೂ ಆಗುವ ಕೆಲಸವಲ್ಲ. ಬಾದಾಮಿಯ ಗುಡ್ಡದವರಿಗೆ ಈ ಮಾತು ಹೇಳಿದರೆ, ‘ಅದನ್ನೇನ್ ಹೇಳ್ತೀರಿ’ ಎಂಬಂತೆ ನೋಡುತ್ತಾರೆ.

ಇಲ್ಲಿ ಬೆಟ್ಟ ಹತ್ತುವುದು ಮನೆತನಕ್ಕೆ ಮನೆತನ. ನಾಲ್ಕಾರು ಮನೆಯವರ ಹಿಂಡು ಕೂಡಿದರೆ ಒಂದು ತಂಡ. ಗಂಡಸರು ಕುರಿಯ ಜೊತೆ. ಹೆಂಗಸರು ಸಾಮಾನಿನ ಜೊತೆ. ಸಾಮಾನು ಕುದುರೆಯ ಮೇಲೆ. ಕುದುರೆ ಎಂದರೆ ಸಿನಿಮಾದ ಕುದುರೆಯಲ್ಲ, ಮನುಷ್ಯನ ಎದೆಮಟ್ಟದ ತಟ್ಟು. ಅದರ ಬೆನ್ನ ಮೇಲೆ ಬಲೆಯ ಸುರುಳಿ, ಗೂಟ, ಹಂಚು, ಕೊಡ, ಜೋಳದ ಹಿಟ್ಟಿನ ಚೀಲ, ಬಿದಿರ ಬುಟ್ಟಿ, ಬುಟ್ಟಿಯೊಳಗೆ ನಿನ್ನೆ ರಾತ್ರಿ ಹುಟ್ಟಿದ ಮರಿ, ಎಲ್ಲದರ ಮೇಲೆ ಒಂದು ಕೂಸು. ಕೂಸಿಗೂ ಮರಿಗೂ ಆ ಬೆನ್ನ ಮೇಲೆ ಭೇದವಿಲ್ಲ. ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ತಾಯಿ ಮುಂದೆ ನಡೆದರೆ ತಟ್ಟು ಹಗ್ಗವಿಲ್ಲದೆಯೇ ಹಿಂದೆ ಬರುತ್ತದೆ. ಈಗೀಗ ಕೆಲವರು ಸಾಮಾನನ್ನು ಗೂಡ್ಸ್ ಗಾಡಿಗೆ ಹೇರಿ ಮುಂದಿನ ಠಿಕಾಣಿಗೆ ಕಳಿಸುವುದುಂಟು. ಆದರೆ ಗುಡ್ಡದ ಕಾಲುದಾರಿಗೆ ಗಾಡಿ ಬರುವುದಿಲ್ಲ. ತಟ್ಟು ಇನ್ನೂ ಉಳಿದಿದೆ.

ಯಾಕೆ ಈ ಹೊತ್ತಿನಲ್ಲಿ ಗುಡ್ಡ? ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿಲಿಮೀಟರಿಗೂ ಕಡಿಮೆ. ಬೀಳುವ ಅಷ್ಟು ಮಳೆಗೂ ಕೆಳಗಿನ ಎರೆ ಹೊಲ ಕೆಸರಾಗುತ್ತದೆ. ಕೆಸರಿನಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ. ಅಲ್ಲದೆ ಹೊಲದಲ್ಲಿ ಹೆಸರು, ಸಜ್ಜೆ, ತೊಗರಿ ನಿಂತಿರುವಾಗ ಅತ್ತ ಮುಖ ಮಾಡುವಂತೆಯೇ ಇಲ್ಲ. ಗುಡ್ಡದ ಮರಳುಗಲ್ಲು ನೀರು ನಿಲ್ಲಗೊಡುವುದಿಲ್ಲ. ಮಳೆ ನಿಂತ ಅರ್ಧ ತಾಸಿಗೆ ಬಂಡೆ ಒಣಗಿ, ಕುರಿ ಮೈ ಚಾಚಲು ಜಾಗ ಸಿಗುತ್ತದೆ. ಬಂಡೆಯ ತಗ್ಗಿನ ದೊಣೆಗಳಲ್ಲಿ ನಿಂತ ನೀರು ಮಳೆಗಾಲ ಕಳೆದ ಮೇಲೂ ಕೆಲವು ವಾರ ಬರುತ್ತದೆ. ಯಾವ ದೊಣೆ ಎಷ್ಟು ದಿನ, ಯಾವುದರ ನೀರು ಕುರಿಗೆ, ಯಾವುದರದು ಮನುಷ್ಯರಿಗೆ, ಇದು ಅಪ್ಪನಿಂದ ಮಗ ಕಲಿಯುವ ಪಾಠ. ಮಳೆ ಜೋರಾದರೆ ‘ಪಡಿ’ ಇದೆ. ಪಡಿ ಎಂದರೆ ಮುಂಚಾಚಿದ ಬಂಡೆಯ ಕೆಳಗಿನ ನೆರಳು ಜಾಗ. ಸಿಡಿಲಪಡಿ, ಅರೆಗುಡ್ಡ, ಹಿರೇಗುಡ್ಡದ ಇಂಥ ಜಾಗಗಳಲ್ಲಿ ಕೆಮ್ಮಣ್ಣಿನ ಬಣ್ಣದ ಇತಿಹಾಸಪೂರ್ವ ಚಿತ್ರಗಳಿವೆ. ಜಿಂಕೆ, ಹಂದಿ, ಕೈ ಹಿಡಿದು ನಿಂತ ಮನುಷ್ಯರು. ಚಾಲುಕ್ಯರ ಮಂಗಳೇಶ 578ರಲ್ಲಿ ಮೂರನೆಯ ಗುಹೆ ಕೊರೆಸಿ ಮುಗಿಸುವ ಎಷ್ಟೋ ಮುಂಚೆಯೇ ಯಾರೋ ಮಳೆಗೆ ಇಲ್ಲಿ ಕೂತಿದ್ದರು, ಬೇಸರ ಕಳೆಯಲು ಬಂಡೆಗೆ ಬಣ್ಣ ಹಚ್ಚಿದ್ದರು. ಈ ಶ್ರಾವಣದಲ್ಲಿಯೂ ಯಾರೋ ಕೂತಿದ್ದಾರೆ, ಮೊಬೈಲಿನಲ್ಲಿ ಡೊಳ್ಳಿನ ಪದ ಹಚ್ಚಿಕೊಂಡು.

ಕಂಬಳಿಯ ಮಾತು ಹೇಳಲೇಬೇಕು. ರಾಕಿ ಬೆಟ್ಟದವರಿಗೆ ಜಿಂಕೆಯ ತೊಗಲು ಹೇಗೋ ಇವರಿಗೆ ಕಂಬಳಿ ಹಾಗೆ. ಕುರಿಯ ಕಪ್ಪು ಉಣ್ಣೆ, ಬಣ್ಣ ಹಾಕದ ನೂಲು, ನೂಲಿಗೆ ಹುಣಸೆ ಬೀಜದ ಗಂಜಿ. ಅದನ್ನು ಮಡಚಿ ತಲೆಯ ಮೇಲಿಟ್ಟರೆ ಮಳೆಗೆ ಕೊಪ್ಪಿ, ನೆಲಕ್ಕೆ ಹಾಸಿದರೆ ಹಾಸಿಗೆ, ಹೊದ್ದರೆ ಚಳಿಗೆ ಗೋಡೆ. ತೊಯ್ದರೂ ಬೆಚ್ಚಗಿಡುವುದು ಉಣ್ಣೆಯ ಗುಣ. ತೋಳವೋ ನಾಯಿಯೋ ಮೈಮೇಲೆ ಬಂದರೆ ಎಡಗೈಗೆ ಸುತ್ತಿಕೊಂಡು ಮುಂದೆ ಚಾಚುವುದೂ ಅದನ್ನೇ. ಹಾಲುಮತದವರ, ಎಂದರೆ ಕುರುಬರ, ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಕಂಬಳಿ ಹಾಸದೆ ಶುಭ ಕೆಲಸ ಸಾಗದು. ಅವರ ದೇವರು ಬೀರಪ್ಪನಿಗೂ ಅದೇ ಗದ್ದುಗೆ. ಆದರೆ ಉಣ್ಣೆಗೆ ಈಗ ಬೆಲೆಯಿಲ್ಲ. ಕತ್ತರಿಸುವ ಕೂಲಿಯೂ ಗಿಟ್ಟದ ಉಣ್ಣೆಯನ್ನು ಬಂಡೆಯ ಸಂದಿಗೆ ಬಿಸಾಕಿ ಹೋಗುತ್ತಾರೆ. ಅಲ್ಲಿ ಬೀವರ್ ಟೋಪಿಯ ಷೋಕಿ ಮುಗಿದಂತೆ ಇಲ್ಲಿ ಕಂಬಳಿಯ ಕಾಲ ಮುಗಿಯಿತೆ ಎಂದರೆ, ಅಷ್ಟು ಸುಲಭಕ್ಕಿಲ್ಲ. ಉಣ್ಣೆ ಹೋದರೂ ಕುರಿ ಉಳಿಯಿತು. ಮಾಂಸಕ್ಕೆ ಬೆಲೆ ಬಂತು. ಉಣ್ಣೆಯ ಕರಿ ಕುರಿಯ ಜಾಗಕ್ಕೆ ಕೆಂಗುರಿ ಬಂತು, ಎಳಗ ಬಂತು. ಎಳಗ ಎತ್ತರದ, ಮರಿಗೆ ಹಾಲು ಸಾಲುವ ತಳಿ, ಬಾಗಲಕೋಟೆ ಕಡೆಯದೇ. ಸಂದರ್ಭ ನೋಡಿ ತಳಿ ಬದಲಿಸಿದ್ದೂ ಬದುಕಿ ಉಳಿಯುವ ಜಾಣತನವೇ. ಅದಕ್ಕೆ ಸಿನಿಮಾ ಆಗುವ ಗುಣವಿಲ್ಲ, ಅಷ್ಟೆ.

ಸಂಜೆಗೆ ಗುಡ್ಡದ ನೋಟ ಬದಲಾಗುತ್ತದೆ. ಬಲೆ ಬಿಚ್ಚಿ, ಗೂಟ ಹೊಡೆದು ದಡ್ಡಿ ಕಟ್ಟುವ ಗಡಿಬಿಡಿ. ಮರಿಗಳು ಬೇರೆ, ತಾಯಿಗಳು ಬೇರೆ. ಸಂಜೆ ಎರಡನ್ನೂ ಕೂಡಿಸುವ ಆ ಅರ್ಧ ಗಳಿಗೆ ಕಿವಿಗೆ ಹಬ್ಬ. ನೂರಾರು ಮರಿ ಒದರುತ್ತವೆ, ನೂರಾರು ತಾಯಿ ಓಗೊಡುತ್ತವೆ, ಒಂದೂ ತಪ್ಪು ಮೊಲೆಗೆ ಹೋಗುವುದಿಲ್ಲ. ಹೋದರೆ ತಾಯಿ ಮೂಸಿ ನೋಡಿ ಒದೆಯುತ್ತದೆ. ತಾಯಿ ಸತ್ತ ಮರಿಯನ್ನು ಮಾತ್ರ ಹೆಂಗಸರು ಬೇರೆ ಕುರಿಯ ಕಾಲು ಹಿಡಿದು ಒತ್ತಾಯದಿಂದ ಕುಡಿಸುತ್ತಾರೆ. ಮೂರು ಕಲ್ಲಿನ ಒಲೆಯ ಮೇಲೆ ಹಂಚು ಕಾಯುತ್ತದೆ. ರೊಟ್ಟಿ ಬಡಿಯುವ ಸಪ್ಪಳ, ಕೆಂಪು ಖಾರದ ಘಾಟು, ಪುಂಡಿಪಲ್ಯ. ಈದ ಕುರಿಯಿದ್ದರೆ ಗಿಣ್ಣ.

ಕತ್ತಲಾದ ಮೇಲೆ ತೋಳದ ಸರದಿ. ಬಯಲು ಸೀಮೆಯ ತೋಳ ಬಲಕ್ಕಿಂತ ಬುದ್ಧಿಯನ್ನು ನಂಬಿದ ಪ್ರಾಣಿ. ಒಂದು ತೋಳ ಎದುರಿಗೆ ಬಂದು ಮೈ ತೋರಿಸಿ ನಾಯಿಗಳನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ, ಗಾಳಿಯ ಕೆಳಗಿನ ದಿಕ್ಕಿನಿಂದ ಇನ್ನೊಂದು ಬಂದು ಮರಿ ಹೊತ್ತೊಯ್ಯುತ್ತದೆ. ಅದಕ್ಕೇ ಅನುಭವಿ ಕುರುಬ ನಾಯಿ ಓಡಿದ ಕಡೆ ನೋಡುವುದಿಲ್ಲ, ಓಡದ ಕಡೆ ಬ್ಯಾಟರಿ ಬಿಡುತ್ತಾನೆ. ಇಂಥ ಕಾವಲು ನಾಯಿಗಳನ್ನೆಲ್ಲ ಮುಧೋಳ ನಾಯಿ ಎಂದು ತಿಳಿಯುವವರಿದ್ದಾರೆ. ಮುಧೋಳದ್ದು ಬೇಟೆಯ ಓಟಗಾರ. ಮುಧೋಳದ ಘೋರ್ಪಡೆ ದೊರೆ ಅದನ್ನು ಬ್ರಿಟಿಷ್ ರಾಜನಿಗೆ ಕಾಣಿಕೆ ಕೊಟ್ಟರು, ಅಂಚೆ ಇಲಾಖೆ 2005ರಲ್ಲಿ ಅದರ ಚೀಟಿ ಮುದ್ರಿಸಿತು, ಸೇನೆ ತರಬೇತಿಗೆ ಕರೆದೊಯ್ದಿತು. ಹಿಂಡಿನ ನಾಯಿಗೆ ಈ ಯಾವ ಮರ್ಯಾದೆಯೂ ಇಲ್ಲ. ಉಳಿದ ರೊಟ್ಟಿ ತಿಂದು, ಕಿವಿ ಹರಿದುಕೊಂಡು, ಮುಂಜಾನೆ ಕುರಿಯ ನಡುವೆ ಮಲಗಿರುತ್ತದೆ. ಇನ್ನು ತೋಳದ ಬಗ್ಗೆ ಹಿರಿಯರಲ್ಲಿ ದ್ವೇಷ ಕಡಿಮೆ. ಹೋದ ಮರಿಯನ್ನು ಅದರ ಪಾಲು ಎಂದು ಬಿಡುವವರಿದ್ದಾರೆ. ಹೊಸ ತಲೆಮಾರಿಗೆ ಅಷ್ಟು ಸೈರಣೆ ಇಲ್ಲ. ಮರಿಯ ಬೆಲೆ ಈಗ ಸಾವಿರಗಳಲ್ಲಿ.

ಈ ಸೀಮೆಯಲ್ಲಿ ಬಂದೂಕಿನ ಬೆಟ್ಟದವರೂ ಇದ್ದರು. ಮುಧೋಳ, ಬೀಳಗಿಯ ನಡುವಿನ ಗುಡ್ಡಗಳಲ್ಲಿ ಹಲಗಲಿ ಎಂಬ ಊರಿದೆ. ಅಲ್ಲಿಯ ಬೇಡರಿಗೆ ಬೇಟೆ ಅನ್ನ, ಆಯುಧ ಮೈಯ ಭಾಗ. 1857ರಲ್ಲಿ ಕಂಪನಿ ಸರ್ಕಾರ ಎಲ್ಲರೂ ಆಯುಧ ಒಪ್ಪಿಸಬೇಕೆಂದು ಕಾನೂನು ತಂದಿತು. ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯ ರಾತ್ರಿಗಳಲ್ಲಿ ಕುದುರೆ ದಂಡು ಊರನ್ನು ಸುತ್ತುವರಿಯಿತು. ಒಳಗಿನವರು ಹೊರಬರದಿದ್ದಾಗ ಊರಿಗೆ ಬೆಂಕಿ ಬಿತ್ತು. ಸುಮಾರು ನೂರು ಮಂದಿ ಸತ್ತರು. ಹಿಡಿದವರಲ್ಲಿ 19 ಜನರಿಗೆ ಗಲ್ಲು ಆಯಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಗೆ, 14ರಂದು ಹಲಗಲಿಯಲ್ಲೇ 6 ಮಂದಿಗೆ, ಜನ ನೋಡಲಿ ಎಂದೇ. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಆ ಲಾವಣಿಯನ್ನು ಬರೆಸಿಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ ಜೆ. ಎಫ್. ಫ್ಲೀಟ್. ಹತ್ತನೆಯ ತರಗತಿಯಲ್ಲಿ ಅದನ್ನು ಓದಿದವರು ಕಾದಾಟದ ಸಾಲುಗಳನ್ನು ನೆನಪಿಟ್ಟಿರುತ್ತಾರೆ. ನನಗೆ ಅದರಲ್ಲಿ ಮೈ ಜುಮ್ಮೆನಿಸುವುದು ಕೊನೆಯ ಭಾಗ. ದಂಡಿನವರು ಹೊತ್ತೊಯ್ದ ಸಾಮಾನಿನ ಪಟ್ಟಿ ಅದು: ಅಡುಗೆಯ ದಿನಸಿ, ಪಾತ್ರೆ ಪರಡಿ, ಕೊರಳ ತಾಳಿ, ಬೀಸುವ ಕಲ್ಲು. ಬೆಟ್ಟದ ಜನರ ಆಸ್ತಿ ಎಷ್ಟಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ದಾಖಲೆ ಬೇಡ.

ಹಲಗಲಿಯ ಸುತ್ತಿನ ಆ ಕುರುಚಲು ಕಾಡು ಈಗ ಯಡಹಳ್ಳಿ ಚಿಂಕಾರ ವನ್ಯಧಾಮದ ಸೀಮೆ. 2016ರಲ್ಲಿ ಘೋಷಣೆಯಾಯಿತು, 96 ಚದರ ಕಿಲೊಮೀಟರಿನಷ್ಟು. ಬೇಡರು ಬೇಟೆಯಾಡಿದ ನೆಲದಲ್ಲಿ ಚಿಂಕಾರ, ತೋಳ, ಕತ್ತೆಕಿರುಬಗಳಿಗೆ ಆಸರೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಗೆರೆ ಎಳೆದಾಗಲೆಲ್ಲ ಒಂದು ಮೇವಿನ ದಾರಿ ಮುಚ್ಚುತ್ತದೆ. ಗೆರೆ ಎಳೆಯುವವರ ಸಭೆಗೆ ಕಂಬಳಿ ಹೊದ್ದವನನ್ನು ಕರೆದದ್ದು ನನಗಂತೂ ಗೊತ್ತಿಲ್ಲ.

ಬಂದೂಕಿನವರ ಕತೆ ಲಾವಣಿಯಾಯಿತು. ಕುರಿಯವರದು ಹಾಗಾಗಲಿಲ್ಲ, ಅವರು ಗದ್ದಲವಿಲ್ಲದೆ ಸರಿದು ಹೋಗುವವರು. 1876ರಿಂದ 78ರವರೆಗಿನ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ, ಬಾಗಲಕೋಟೆ ಸೀಮೆ, ತನ್ನ ಜನರಲ್ಲಿ ಐದನೆಯ ಒಂದು ಪಾಲು ಕಳೆದುಕೊಂಡಿತು. ಮೇವು ಹುಡುಕಿ ನಡೆಯುವುದನ್ನು ಬಲ್ಲವರಿಗೆ ಬರ ಎಂದರೆ ಸ್ವಲ್ಪ ಉದ್ದದ ದಾರಿ. ನಿಂತವನಿಗಿಂತ ನಡೆಯುವವನಿಗೆ ಬದುಕುವ ಆಸೆ ಹೆಚ್ಚು. ಮಳೆ ಕೈಕೊಟ್ಟ ವರ್ಷ ಜಾಲಿಕಾಯಿ ಉದುರಿಸಿ ತಿನ್ನಿಸುತ್ತಾರೆ, ಬನ್ನಿ ಸೊಪ್ಪು ಕಡಿಯುತ್ತಾರೆ, ದಾರಿಯ ದಿಕ್ಕು ಬದಲಿಸುತ್ತಾರೆ.

ಆ ದಾರಿ ಸುಗ್ಗಿಯ ಹೊತ್ತಿಗೆ ಗುಡ್ಡದಿಂದ ಇಳಿಯುತ್ತದೆ. ಮಲಪ್ರಭೆ, ಘಟಪ್ರಭೆಯ ಕಾಲುವೆ ನೀರಿನ ಹೊಲಗಳಲ್ಲಿ ಬೆಳೆ ಕಟಾವಾಗಿರುತ್ತದೆ. ರೈತ ಬಂದು ಕರೆಯುತ್ತಾನೆ, ಹೊಲದಲ್ಲಿ ಕುರಿ ತರುಬಲು. ಒಂದೆರಡು ರಾತ್ರಿ ಹಿಂಡು ಹೊಲದಲ್ಲಿ ಮಲಗಿದರೆ ಹಿಕ್ಕಿ, ಗಂಜಲ ನೆಲಕ್ಕೆ ಸೇರಿ ಮುಂದಿನ ಬೆಳೆಗೆ ಗೊಬ್ಬರ. ಹಿಂದೆ ಜೋಳ ಅಳೆದು ಕೊಡುತ್ತಿದ್ದರು, ಈಗ ರೊಕ್ಕದ ಲೆಕ್ಕವೂ ಇದೆ. ಈ ಸೀಮೆಯ ಬೆಟ್ಟದವರಿಗೂ ಬಯಲಿನವರಿಗೂ ನಡುವೆ ಇದ್ದದ್ದು ಕಾಗದವಿಲ್ಲದ ಕರಾರು. ರಾಕಿ ಬೆಟ್ಟದವರಿಗೆ ಇಂಥದೊಂದು ಕರಾರು ಇರಲಿಲ್ಲ. ಅವರು ತೆಗೆದರು, ತೀರಿದ ಮೇಲೆ ಮುಂದೆ ಹೋದರು. ಕುರಿಯವರು ಪ್ರತಿ ವರ್ಷ ಅದೇ ಹೊಲಕ್ಕೆ, ಅದೇ ಪಡಿಗೆ ಮರಳಿ ಬರಬೇಕು. ಮರಳಿ ಬರುವವನು ಎಲ್ಲವನ್ನೂ ಬಳಿದುಕೊಂಡು ಹೋಗಲಾರ.

ಹುನಗುಂದ ತಾಲ್ಲೂಕಿನ ಅಮೀನಗಡದಲ್ಲಿ ಶನಿವಾರ ಈ ಬದುಕಿನ ಲೆಕ್ಕಾಚಾರ ನಡೆಯುತ್ತದೆ. ಹೊರಗಿನವರಿಗೆ ಅಮೀನಗಡ ಎಂದರೆ ಕರದಂಟು. ಕುರಿಯವರಿಗೆ ಸಂತೆ. ಬೆಳಕು ಹರಿಯುವ ಮುಂಚೆ ಲಾರಿ, ಟಂಟಂಗಳಿಂದ ಟಗರು, ಹೋತ, ಮರಿ ಇಳಿಯುತ್ತವೆ. ಕೊಂಬಿಗೆ ಬಣ್ಣ ಬಳಿದ ಟಗರಿನ ಸುತ್ತ ಹುಡುಗರ ಗುಂಪು. ದಲ್ಲಾಳಿ ಟವೆಲ್ಲಿನ ಕೆಳಗೆ ಕೈ ತೂರಿಸಿ ಬೆರಳು ಒತ್ತುತ್ತಾನೆ. ಬೆಲೆ ಹೇಳಿದ್ದು ಇಬ್ಬರಿಗೆ ಮಾತ್ರ ಗೊತ್ತು. ಕುರಿಯ ಬೆನ್ನ ಮೂಳೆ ಹಿಸುಕಿ, ಹಲ್ಲು ನೋಡಿ, ಬಾಲದ ಬುಡ ಹಿಡಿದು ತೂಕ ಹೇಳುವ ಮುದುಕರ ಮುಂದೆ ತಕ್ಕಡಿಗೆ ಕೆಲಸ ಕಡಿಮೆ. ಬಕ್ರೀದ್ ಹತ್ತಿರವಿದ್ದರೆ ಕಾಲಿಡಲು ಜಾಗವಿಲ್ಲ. ಮಾರಿದ ರೊಕ್ಕ ಒಳ ಅಂಗಿಯ ಕಿಸೆಗೆ ಹೋಗುತ್ತದೆ, ಒಂದು ಪಾಲು ಅಲ್ಲೇ ಅಂಗಡಿಯಲ್ಲಿ ಹಗ್ಗ, ಬಲೆ, ಔಷಧಕ್ಕೆ ಕರಗುತ್ತದೆ. ಕರುಳುಬೇನೆ, ಸಿಡುಬು, ನೀಲಿ ನಾಲಿಗೆ. ಈ ಹೆಸರುಗಳನ್ನು ಅವರು ತೋಳ ಎಂಬ ಹೆಸರಿಗಿಂತ ಸಣ್ಣ ದನಿಯಲ್ಲಿ ಹೇಳುತ್ತಾರೆ. ತೋಳ ಒಂದು ಒಯ್ದೀತು, ಬೇನೆ ಹಿಂಡನ್ನೇ ಒಯ್ಯುತ್ತದೆ. ಲಸಿಕೆ ಇದೆ. ನಡೆಯುತ್ತಲೇ ಇರುವ ಹಿಂಡಿಗೆ ಅದನ್ನು ಮುಟ್ಟಿಸುವುದು ಕಷ್ಟ.

ಅಲ್ಲಿಂದ ಇಳಕಲ್ಲ ಕಡೆ ಹೊರಟರೆ ಗುಡ್ಡದ ಇನ್ನೊಂದು ಗತಿ ಕಣ್ಣಿಗೆ ಬೀಳುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟಿಗೆ ಹೊರದೇಶಗಳಲ್ಲಿ ಗಿರಾಕಿ ಇದೆ. ಇಟ್ಟಿಗೆ ಕೊಯ್ದಂತೆ ಚೌಕ ಚೌಕವಾಗಿ ಕೊಯ್ದ ಗುಡ್ಡ, ಹಸಿರು ನೀರು ನಿಂತ ಆಳದ ಗುಂಡಿ, ಒಂದೊಂದೇ ಬಂಡೆ ಹೊತ್ತು ನರಳುತ್ತ ಹೋಗುವ ಲಾರಿ. ಇಲ್ಲಿ ಮೇವಷ್ಟೇ ಅಲ್ಲ, ಗುಡ್ಡವೇ ಹೋಯಿತು. ಇತ್ತ ಕೃಷ್ಣೆ, ಘಟಪ್ರಭೆಯ ದಂಡೆಯ ಹುಲ್ಲುಗಾವಲು ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಹಳೆಯ ಬಾಗಲಕೋಟೆಯ ಓಣಿಗಳೂ ಅದರ ಜೊತೆಗೇ ಮುಳುಗಿವೆ. ಊರಿನವರಿಗೆ ನವನಗರ ಸಿಕ್ಕಿತು, ಸಾಲದೆಂಬ ತಕರಾರು ಇದ್ದರೂ ಸಿಕ್ಕಿತು. ದಂಡೆಯಲ್ಲಿ ಬೇಸಿಗೆ ಕಳೆಯುತ್ತಿದ್ದ ಹಿಂಡಿನ ಹೆಸರಲ್ಲಿ ಜಮೀನಿನ ಉತಾರ ಇರಲಿಲ್ಲ, ಹಾಗಾಗಿ ಪರಿಹಾರದ ಪ್ರಶ್ನೆಯೂ ಬರಲಿಲ್ಲ. ಉಳಿದ ಬಯಲಿನಲ್ಲಿ ಕಬ್ಬು ಎದ್ದು ನಿಂತಿದೆ. ಕಬ್ಬಿಗೆ ಸುಗ್ಗಿ ಮುಗಿದ ಬಯಲು ಎಂಬುದಿಲ್ಲ, ಕೂಳೆ ಮತ್ತೆ ಚಿಗುರುತ್ತದೆ, ಸುತ್ತ ತಂತಿ ಬೇಲಿ. ಮೊನ್ನೆ ಮೊನ್ನೆಯವರೆಗೆ ಕರೆದು ಕುರಿ ತರುಬಿಸಿಕೊಳ್ಳುತ್ತಿದ್ದ ಹೊಲದ ಅಂಚಿನಲ್ಲಿ ಈಗ ಜಗಳ, ಕೆಲವೊಮ್ಮೆ ಹೊಡೆದಾಟ. ರಾತ್ರಿ ಟಾಟಾ ಏಸ್ ತಂದು ಕುರಿ ತುಂಬಿಕೊಂಡು ಹೋಗುವ ಕಳ್ಳರು ಬೇರೆ. ತಡೆಯಲು ಹೋದ ಕುರಿಗಾಹಿಗಳು ಪ್ರಾಣ ಕಳೆದುಕೊಂಡದ್ದೂ ಉಂಟು. ಕೊಡಲಿ ಹಿಡಿದು ತೋಳಕ್ಕೆ ಎದುರು ನಿಂತವನು ಹೆಡ್‌ಲೈಟಿಗೆ ಎದುರು ನಿಂತಾಗ ಏನು ಮಾಡಬೇಕು ಎಂಬುದನ್ನು ಯಾವ ಅಪ್ಪನೂ ಮಗನಿಗೆ ಕಲಿಸಿರಲಿಲ್ಲ.

ವಲಸೆ ಕುರಿಗಾಹಿಗಳ ಮೇಲಿನ ದೌರ್ಜನ್ಯ ತಡೆಯುವ, ಅವರಿಗೆ ನೆರವು ಒದಗಿಸುವ ವಿಧೇಯಕವನ್ನು ವಿಧಾನಮಂಡಲ 2025ರಲ್ಲಿ ಒಪ್ಪಿತು. ತಡವಾದರೂ ಆಗಬೇಕಾದ ಕೆಲಸವೇ. ಅದು ಗುಡ್ಡಕ್ಕೆ ತಲುಪಿದೆಯೇ ಎಂಬುದನ್ನು ಠಾಣೆಯ ಕಟ್ಟೆಯ ಮೇಲೆ ಅಳೆಯಬೇಕು. ಕಂಬಳಿ ಹೊದ್ದವನು ದೂರು ಕೊಡಲು ಬಂದಾಗ ಕುಳಿತುಕೋ ಎನ್ನುತ್ತಾರೋ, ಹೊರಗೆ ನಿಲ್ಲು ಎನ್ನುತ್ತಾರೋ ನೋಡಬೇಕು.

ಓದುಗರಾದ ನಾವು ಮಾಡಬಹುದಾದದ್ದು ತೀರ ಸಣ್ಣದು. ಬಾದಾಮಿ, ಕೆರೂರು, ಅಮೀನಗಡ, ಹುನಗುಂದದ ಯಾವ ರಸ್ತೆಯಲ್ಲಾದರೂ ಮುಂದೆ ಹಿಂಡು ಕಂಡರೆ ಹಾರ್ನ್ ಹೊಡೆಯಬೇಡಿ. ಹಾರ್ನ್‌ಗೆ ಕುರಿ ಬದಿಗೆ ಸರಿಯುವುದಿಲ್ಲ, ಬೆದರಿ ಚದುರುತ್ತದೆ. ಗಾಡಿ ನಿಲ್ಲಿಸಿ, ರಾತ್ರಿಯಾದರೆ ದೀಪ ಇಳಿಸಿ. ಹಿಂಡು ದಾಟಲು ಐದು ನಿಮಿಷ ಸಾಕು.